ವಿದ್ಯುಚ್ಛಕ್ತಿಯಿಂದ ಕಾಲಿಗೆ ಶಕ್ತಿ ಬರುತ್ತದೆಯೆ?

ರಾಯಚೂರಿನಿಂದ ಲಿಂಗಸೂಗೂರಿಗೆ ಹೋಗುವ ರಸ್ತೆಯಿಂದ ಮಾನ್ವಿ, ಸಿಂಧನೂರುಗಳ ರಸ್ತೆ ಕವಲೊಡೆಯುವುದು ಕಲ್ಮಲದಲ್ಲಿ. ಸುತ್ತಮುತ್ತ ಹತ್ತಿ, ತೊಗರಿ, ಜೋಳದ ಹೊಲಗಳು. ಕಾಲುವೆಯ ನೀರು ತಲುಪುವಲ್ಲಿ ಬತ್ತದ ಗದ್ದೆಗಳು. ಹತ್ತಿ ಬಿಡಿಸುವುದು, ಕಳೆ ತೆಗೆಯುವುದು, ನಾಟಿ ಹಚ್ಚುವುದು ಎಲ್ಲವೂ ಬಗ್ಗಿ, ಕುಕ್ಕರಗಾಲಲ್ಲಿ ಕುಳಿತು ಮಾಡುವ ಕೆಲಸಗಳು. ನಲವತ್ತು ವರ್ಷ ಹೀಗೆ ದುಡಿದವರ ಮೊಣಕಾಲು ನೋಯುವುದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಅಕ್ಕ ಇರುವುದು ಇದೇ ಊರಿನಲ್ಲಿ. ಅವಳಿಗೆ ಈಗ ಅರವತ್ತೇಳು ವರ್ಷ. ನೆಲದ ಮೇಲೆ ಕುಳಿತರೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ.

ಹತ್ತಿ ಬಿಡಿಸುವ ಕಾಲ ಮುಗಿದ ಮೇಲೆ ಅಲ್ಲಿಗೊಂದು 'ಉಚಿತ ಪಾದ ಚಿಕಿತ್ಸಾ ಶಿಬಿರ' ಬಂದಿತು. ನೀವೂ ನಿಮ್ಮ ಊರಿನ ಕಲ್ಯಾಣ ಮಂಟಪದಲ್ಲಿಯೋ ಸಮುದಾಯ ಭವನದಲ್ಲಿಯೋ ಇಂಥದನ್ನು ನೋಡಿರಬಹುದು. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯ ಮುಂದೆ ತಟ್ಟೆಯಂಥ ಒಂದು ಯಂತ್ರ. ಬರಿಗಾಲನ್ನು ಅದರ ಮೇಲಿಟ್ಟು ಅರ್ಧ ಗಂಟೆ ಕುಳಿತರೆ ಪಾದಗಳು ಜುಮುಜುಮು ಎನ್ನುತ್ತವೆ. ಹದಿನೈದು ದಿನ ಉಚಿತ. ಹದಿನಾರನೆಯ ದಿನ ಯಂತ್ರ ಮಾರಾಟಕ್ಕೆ. ಮೃದುವಾದ ವಿದ್ಯುತ್ತು ಸ್ನಾಯುಗಳಿಗೆ ಶಕ್ತಿ ತುಂಬುತ್ತದೆ, ಮೊಣಕಾಲು ನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಶ್ವವಾಯು ಎಲ್ಲಕ್ಕೂ ಇದು ಪರಿಹಾರ ಎಂಬ ಧಾಟಿಯ ಕರಪತ್ರವೂ ಜೊತೆಗಿತ್ತು. "ಕಾಲು ಹಗುರ ಆಗ್ಯಾವ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಹತ್ತಿ ಮಾರಿದ ಹಣದಲ್ಲಿ ಯಂತ್ರ ಕೊಂಡಳು. ತಿಂಗಳ ನಂತರ ನಾನು ಊರಿಗೆ ಹೋದಾಗ ಇನ್ನೊಂದು ಸಂಗತಿ ತಿಳಿಯಿತು: ಯಂತ್ರ ಇದೆಯಲ್ಲ ಎಂದು ಅವಳು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮೂರು ವಾರಗಳಿಂದ ಬಿಟ್ಟಿದ್ದಳು.

ಈ ಲೇಖನ ಬರೆಯಲು ಕಾರಣ ಅದೇ. ವಿದ್ಯುತ್ತಿನಿಂದ ಸ್ನಾಯುವನ್ನು ಪ್ರಚೋದಿಸುವುದು ಬರೀ ಬೂಟಾಟಿಕೆಯಲ್ಲ. ಅದಕ್ಕೆ ಗಟ್ಟಿಯಾದ ವಿಜ್ಞಾನದ ಆಧಾರವಿದೆ. ಆದ್ದರಿಂದ ಶಿಬಿರದವರನ್ನು ಸುಮ್ಮನೆ ಹಳಿದರೆ ಸಾಲದು. ಆ ವಿಜ್ಞಾನ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ವ್ಯಾಪಾರ ಎಂಬುದನ್ನು ಅಳೆದು ನೋಡಬೇಕು. ಶಿಕ್ಷಕರಾದ ನೀವು, ವಿದ್ಯಾರ್ಥಿಗಳಾದ ನೀವು, ಇದನ್ನು ಹತ್ತನೆಯ ತರಗತಿಯ ಭೌತವಿಜ್ಞಾನದಿಂದಲೇ ಬಹುಮಟ್ಟಿಗೆ ಪರೀಕ್ಷಿಸಬಹುದು.

ಒಂದು ಪದ, ಮೂರು ಅರ್ಥ

ಮೊದಲು ಭಾಷೆಯ ತೊಡಕನ್ನು ಬಿಡಿಸಿಕೊಳ್ಳೋಣ. ನಮ್ಮ ಪಠ್ಯಪುಸ್ತಕದಲ್ಲಿ 'ಶಕ್ತಿ' ಎಂದರೆ ಜೂಲ್‌ಗಳಲ್ಲಿ ಅಳೆಯುವ ಪರಿಮಾಣ. 'ಬಲ' ಎಂದರೆ ನ್ಯೂಟನ್‌ಗಳಲ್ಲಿ ಅಳೆಯುವಂಥದು. 'ಸಾಮರ್ಥ್ಯ' ವಾಟ್‌ಗಳಲ್ಲಿ. ಆದರೆ ಮನೆಮಾತಿನಲ್ಲಿ ಕಾಲಿಗೆ ಶಕ್ತಿಯಿಲ್ಲ, ಕಾಲಿಗೆ ಬಲವಿಲ್ಲ, ನಡೆಯುವ ಸಾಮರ್ಥ್ಯವಿಲ್ಲ ಎಂಬ ಮೂರಕ್ಕೂ ಒಂದೇ ಅರ್ಥ. ಕರಪತ್ರ ಬರೆಯುವವರಿಗೆ ಇದು ಅನುಕೂಲ. ವಿದ್ಯುತ್ತು ಒಂದು ಶಕ್ತಿ, ಅದನ್ನು ಕಾಲಿಗೆ ಹಾಯಿಸಿದರೆ ಕಾಲಿಗೆ ಶಕ್ತಿ ಬರುತ್ತದೆ ಎಂಬ ವಾದ ಕೇಳಲು ತರ್ಕಬದ್ಧವಾಗಿಯೇ ಇದೆ. ಬ್ಯಾಟರಿಗೆ ಚಾರ್ಜ್ ಮಾಡಿದಂತೆ ಎಂದು ಶಿಬಿರದಲ್ಲಿ ವಿವರಿಸಿದರೆಂದು ಅಕ್ಕ ಹೇಳಿದಳು.

ಹೌದೆ? ಲೆಕ್ಕ ಹಾಕೋಣ. ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗದಲ್ಲಿ ತೊಡೆಯ ಸ್ನಾಯುವನ್ನು ಬಲವಾಗಿ ಸಂಕುಚಿಸಲು ಬಳಸುವ ಯಂತ್ರವನ್ನೇ ತೆಗೆದುಕೊಳ್ಳಿ. ಅದು ನಿರಂತರವಾಗಿ ಪ್ರವಾಹ ಹರಿಸುವುದಿಲ್ಲ. ಸಣ್ಣ ಸಣ್ಣ ಸ್ಪಂದಗಳನ್ನು ಕಳಿಸುತ್ತದೆ. ಪ್ರತಿ ಸ್ಪಂದಕ್ಕೂ ಎರಡು ಭಾಗ. ಮೊದಲನೆಯದು ಒಂದು ದಿಕ್ಕಿಗೆ, ಎರಡನೆಯದು ವಿರುದ್ಧ ದಿಕ್ಕಿಗೆ. ಒಟ್ಟು ವಿದ್ಯುದಾವೇಶ ಸೊನ್ನೆಯಾಗಲಿ, ಚರ್ಮದಲ್ಲಿ ವಿದ್ಯುದ್ವಿಭಜನೆಯಾಗಿ ಸುಟ್ಟಗಾಯ ಆಗದಿರಲಿ ಎಂಬ ಉದ್ದೇಶದಿಂದ ಹೀಗೆ ಮಾಡುತ್ತಾರೆ. ಪ್ರವಾಹ 60 ಮಿಲಿ ಆಂಪೇರ್, ಪ್ರತಿ ಭಾಗದ ಅವಧಿ 0.3 ಮಿಲಿಸೆಕೆಂಡು, ಸೆಕೆಂಡಿಗೆ 50 ಸ್ಪಂದಗಳು ಎಂದಿರಲಿ. ವಿದ್ಯುದ್ವಾರಗಳ ನಡುವಿನ ರೋಧ ಸುಮಾರು 1000 ಓಮ್ ಎಂದುಕೊಳ್ಳಿ. ಸ್ಪಂದ ಇರುವಷ್ಟು ಹೊತ್ತು ಸಾಮರ್ಥ್ಯ 0.06 × 0.06 × 1000, ಅಂದರೆ 3.6 ವಾಟ್. ಆದರೆ ಒಂದು ಸೆಕೆಂಡಿನಲ್ಲಿ ಸ್ಪಂದಗಳು ಇರುವುದು 50 × 0.6 = 30 ಮಿಲಿಸೆಕೆಂಡು ಮಾತ್ರ. ಆದ್ದರಿಂದ ಸರಾಸರಿ ಸುಮಾರು 0.11 ವಾಟ್. ಅರ್ಧ ಗಂಟೆ, ಎಂದರೆ 1800 ಸೆಕೆಂಡು, ಬಿಡುವಿಲ್ಲದೆ ಹರಿಸಿದರೂ ದೇಹಕ್ಕೆ ಸಿಗುವುದು ಹೆಚ್ಚೆಂದರೆ 200 ಜೂಲ್. ಅದರ ಬಹುಪಾಲು ಚರ್ಮದಲ್ಲಿಯೇ ಶಾಖವಾಗಿ ಹೋಗುತ್ತದೆ.

ಈಗ ಇನ್ನೊಂದು ಲೆಕ್ಕ. 60 ಕಿಲೋಗ್ರಾಂ ತೂಕದ ವ್ಯಕ್ತಿ ಕುರ್ಚಿಯಿಂದ ಏಳುವಾಗ ದೇಹದ ಗುರುತ್ವಕೇಂದ್ರ 40 ಸೆಂಟಿಮೀಟರ್ ಮೇಲೇರುತ್ತದೆ ಎನ್ನಿ. ಮಾಡಬೇಕಾದ ಕೆಲಸ 60 × 9.8 × 0.4, ಅಂದರೆ ಸುಮಾರು 235 ಜೂಲ್. ನೋಡಿದಿರಾ? ಬಲವಾದ ಯಂತ್ರ ಅರ್ಧ ಗಂಟೆಯಲ್ಲಿ ಕೊಡುವ ಒಟ್ಟು ವಿದ್ಯುಚ್ಛಕ್ತಿ, ಕುರ್ಚಿಯಿಂದ ಒಂದು ಸಲ ಏಳುವುದಕ್ಕೂ ಸಾಲದು. ಕಾಲಿಗೆ ಶಕ್ತಿ ತುಂಬುವ ಮಾತು ಇಲ್ಲಿಗೆ ಮುಗಿಯಿತು. ಸ್ನಾಯುವಿಗೆ ಶಕ್ತಿ ಬರುವುದು ಉಂಡ ರೊಟ್ಟಿಯಿಂದ, ತಂತಿಯಿಂದಲ್ಲ.

ಕಪ್ಪೆಯ ಕಾಲು ಹೇಳಿದ್ದು

ಹಾಗಾದರೆ ವಿದ್ಯುತ್ತಿನ ಪಾತ್ರವೇನು? ಇಟಲಿಯ ಬೊಲೊನ್ಯಾದಲ್ಲಿ ಲೂಯಿಜಿ ಗಾಲ್ವಾನಿ 1780ರ ದಶಕದಲ್ಲಿ ಕಪ್ಪೆಯ ಕಾಲಿನ ಮೇಲೆ ಮಾಡಿದ ಪ್ರಯೋಗಗಳನ್ನು ನೀವು ಓದಿದ್ದೀರಿ. 1791ರಲ್ಲಿ ಪ್ರಕಟಿಸಿದ ತನ್ನ ಪ್ರಬಂಧದಲ್ಲಿ ಆತ ಪ್ರಾಣಿಯೊಳಗೇ ವಿದ್ಯುತ್ತು ಸಂಗ್ರಹವಾಗಿರುತ್ತದೆ ಎಂದ. ವೋಲ್ಟಾ ಅದನ್ನು ಒಪ್ಪಲಿಲ್ಲ. ಆ ಜಗಳದಿಂದ ಜಗತ್ತಿಗೆ ವಿದ್ಯುತ್ ಕೋಶ ಸಿಕ್ಕಿತು. ನಮ್ಮ ವಿಷಯಕ್ಕೆ ಬೇಕಾದ ಪಾಠ ಇಷ್ಟೆ: ಕಪ್ಪೆಯ ಕಾಲು ಒದೆಯಲು ಬೇಕಾದ ಶಕ್ತಿ ಕಪ್ಪೆಯ ಸ್ನಾಯುವಿನಲ್ಲಿಯೇ ಇತ್ತು. ಹೊರಗಿನ ವಿದ್ಯುತ್ತು ಬಂದೂಕಿನ ಕುದುರೆ ಎಳೆದಂತೆ ಕೇವಲ ಸಂಕೇತ ಕೊಟ್ಟಿತು.

ನರತಂತುವಿನ ಪೊರೆಯ ಒಳಗೂ ಹೊರಗೂ ಕೆಲವು ಹತ್ತು ಮಿಲಿವೋಲ್ಟ್‌ಗಳ ವಿಭವಾಂತರ ಇರುತ್ತದೆ. ಹೊರಗಿನ ಸ್ಪಂದ ಅದನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ನರದಲ್ಲಿ ಸಂಕೇತ ಹುಟ್ಟಿ ಓಡುತ್ತದೆ, ಸ್ನಾಯು ಸಂಕುಚಿಸುತ್ತದೆ. ಗಮನಿಸಿ: ಚರ್ಮದ ಮೇಲಿಟ್ಟ ವಿದ್ಯುದ್ವಾರಗಳು ಸಾಮಾನ್ಯವಾಗಿ ಕೆರಳಿಸುವುದು ಸ್ನಾಯುವನ್ನಲ್ಲ, ಅದರೊಳಗೆ ಹೋಗುವ ನರವನ್ನು.

ಸ್ನಾಯು ಬಲಗೊಳ್ಳುವುದು ಹೇಗೆ? ಪದೇ ಪದೇ ಸಾಕಷ್ಟು ಎಳೆತಕ್ಕೆ ಒಳಗಾದಾಗ. ಕುಸ್ತಿಪಟು ಬಸ್ಕಿ ಹೊಡೆದು ತೊಡೆ ಬೆಳೆಸುವುದೂ ಹಮಾಲ ಮೂಟೆ ಹೊತ್ತು ಬೆನ್ನು ಗಟ್ಟಿಮಾಡಿಕೊಳ್ಳುವುದೂ ಈ ಒಂದೇ ನಿಯಮದಿಂದ. ಆದ್ದರಿಂದ ಯಾವುದೇ ಯಂತ್ರವನ್ನು ಕುರಿತು ಕೇಳಬೇಕಾದ ಪ್ರಶ್ನೆ ಒಂದೇ. ಅದು ಸ್ನಾಯುವಿನಲ್ಲಿ ಎಷ್ಟು ಬಲ ಹುಟ್ಟಿಸಿತು? ಎಷ್ಟು ಜುಮ್ಮೆನಿಸಿತು ಎಂಬುದಲ್ಲ.

ಮೃದು ಎಂದರೆ ಎಷ್ಟು ಮೃದು?

ಚರ್ಮದಲ್ಲಿರುವ ಸ್ಪರ್ಶದ ನರತುದಿಗಳು ವಿದ್ಯುದ್ವಾರಕ್ಕೆ ತೀರ ಹತ್ತಿರ. ಸ್ನಾಯುವಿನ ನರ ಸ್ವಲ್ಪ ಆಳದಲ್ಲಿ. ಆದ್ದರಿಂದ ಪ್ರವಾಹವನ್ನು ನಿಧಾನವಾಗಿ ಏರಿಸಿದಾಗ ಮೊದಲು ಜುಮ್ಮೆನ್ನುತ್ತದೆ. ಇನ್ನಷ್ಟು ಏರಿಸಿದರೆ ಸ್ನಾಯು ಕುಣಿಯುತ್ತದೆ. ಮತ್ತೂ ಏರಿಸಿದರೆ ಗಟ್ಟಿಯಾಗಿ ಸಂಕುಚಿಸುತ್ತದೆ, ಆಗ ಸಾಕಷ್ಟು ಅಹಿತವೂ ಆಗುತ್ತದೆ. ಹಿತವಾಗಿರುವುದು ಮೊದಲ ಹಂತ. ಬಲ ಬೆಳೆಸುವುದು ಮೂರನೆಯ ಹಂತ. ವ್ಯಾಪಾರದ ಜಾಣತನವೆಲ್ಲ ಮೊದಲನೆಯದನ್ನು ತೋರಿಸಿ ಮೂರನೆಯದರ ಫಲವನ್ನು ಹೇಳುವುದರಲ್ಲಿದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಲಿನ್ ಸ್ನೈಡರ್-ಮ್ಯಾಕ್ಲರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಮೊಣಕಾಲಿನ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದ 110 ರೋಗಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಚಿಕಿತ್ಸಾಲಯದಲ್ಲಿ ತೀವ್ರ ಪ್ರಚೋದನೆ. ಒಂದಕ್ಕೆ ಸ್ವಪ್ರಯತ್ನದ ತೀವ್ರ ವ್ಯಾಯಾಮ. ಒಂದಕ್ಕೆ ಮನೆಯಲ್ಲಿ ಬಳಸುವ ಬ್ಯಾಟರಿ ಯಂತ್ರದ ಮೃದು ಪ್ರಚೋದನೆ. ಇನ್ನೊಂದಕ್ಕೆ ತೀವ್ರ ಮತ್ತು ಮೃದು ಎರಡೂ. ಕೊನೆಗೆ ಆ ಕಾಲಿನ ತೊಡೆಯ ಮುಂಭಾಗದ ಸ್ನಾಯುವಿನ ಬಲವನ್ನು ಆರೋಗ್ಯವಂತ ಕಾಲಿನ ಬಲಕ್ಕೆ ಹೋಲಿಸಿದರು. ತೀವ್ರ ಪ್ರಚೋದನೆ ಪಡೆದ ಎರಡೂ ಗುಂಪುಗಳಲ್ಲಿ ಅದು ಶೇಕಡಾ 70 ಅಥವಾ ಹೆಚ್ಚು. ವ್ಯಾಯಾಮದ ಗುಂಪಿನಲ್ಲಿ ಶೇಕಡಾ 57. ಮೃದು ಪ್ರಚೋದನೆಯ ಗುಂಪಿನಲ್ಲಿ ಶೇಕಡಾ 51. ವಿದ್ಯುತ್ತು ಅದೇ, ಸ್ನಾಯು ಅದೇ. ತೀವ್ರತೆ ಬೇರೆಯಾದಾಗ ಫಲ ಬೇರೆಯಾಯಿತು.

ಅಕ್ಕನ ಯಂತ್ರವನ್ನು ನಾನು ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ತಂದೆ. ಎರಡು ಪಾದತಟ್ಟೆಗಳ ನಡುವೆ 1000 ಓಮ್ ರೋಧಕ ಜೋಡಿಸಿ ಆಸಿಲೊಸ್ಕೋಪಿನಲ್ಲಿ ನೋಡಿದೆ. ಅವಳು ಬಳಸುತ್ತಿದ್ದ ಹಂತದಲ್ಲಿ ಸ್ಪಂದದ ಎತ್ತರ ಸುಮಾರು 12 ವೋಲ್ಟ್, ಅಂದರೆ 12 ಮಿಲಿ ಆಂಪೇರ್. ಅವಧಿ ಸುಮಾರು 0.25 ಮಿಲಿಸೆಕೆಂಡು. ಪ್ರತಿ ಸ್ಪಂದದ ವಿದ್ಯುದಾವೇಶ 3 ಮೈಕ್ರೊಕೂಲಮ್. ಮೇಲೆ ಲೆಕ್ಕ ಹಾಕಿದ ಆಸ್ಪತ್ರೆಯ ಸ್ಪಂದದಲ್ಲಿ ಅದು 18 ಮೈಕ್ರೊಕೂಲಮ್. ಆರರಲ್ಲಿ ಒಂದು ಪಾಲು. ಒಂದು ಯಂತ್ರದ ಅಳತೆಯಿಂದ ಎಲ್ಲ ಯಂತ್ರಗಳಿಗೂ ತೀರ್ಪು ಕೊಡಲಾಗದು. ಆದರೆ ನಿಮ್ಮ ಕಾಲೇಜಿನಲ್ಲಿ ಆಸಿಲೊಸ್ಕೋಪ್ ಇದ್ದರೆ ಇಂಥ ಅಳತೆಯನ್ನು ನೀವೂ ಮಾಡಬಹುದು. ಅಳತೆ ಮಾಡುವುದು ರೋಧಕದ ಮೇಲೆ. ವಿದ್ಯಾರ್ಥಿಯ ಮೈಮೇಲೆ ಬೇಡ.

ಪಾದದಿಂದ ತೊಡೆಗೆ

ಕುಳಿತವರು ಏಳಲು, ಮೆಟ್ಟಿಲು ಹತ್ತಲು ಮುಖ್ಯವಾಗಿ ಬೇಕಾದದ್ದು ತೊಡೆಯ ಮುಂಭಾಗದ ನಾಲ್ಕು ತಲೆಯ ದೊಡ್ಡ ಸ್ನಾಯು ಮತ್ತು ಪಿರ್ರೆಯ ಸ್ನಾಯು. ಯಂತ್ರ ಇರುವುದು ಅಂಗಾಲಿನ ಕೆಳಗೆ. ಪ್ರವಾಹ ಒಂದು ಪಾದದಿಂದ ಹೊಕ್ಕು, ಆ ಕಾಲನ್ನು ಏರಿ, ಇನ್ನೊಂದು ಕಾಲಿನಿಂದ ಇಳಿದು ಹೊರಬರುತ್ತದೆ. ಹಾಗಾದರೆ ತೊಡೆಗೂ ಅಷ್ಟೇ ಪ್ರವಾಹ ತಲುಪಿತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ನಿಜ, ಸರಣಿ ಮಂಡಲದಲ್ಲಿ ಪ್ರವಾಹ ಎಲ್ಲೆಡೆ ಒಂದೇ. ಆದರೆ ನರವನ್ನು ಕೆರಳಿಸುವಾಗ ಲೆಕ್ಕಕ್ಕೆ ಬರುವುದು ಒಟ್ಟು ಪ್ರವಾಹವಲ್ಲ. ಒಂದು ಚದರ ಸೆಂಟಿಮೀಟರ್ ಮೂಲಕ ಎಷ್ಟು ಹರಿಯಿತು ಎಂಬ ಪ್ರವಾಹ ಸಾಂದ್ರತೆ ಮತ್ತು ಅದು ಜಾಗದಿಂದ ಜಾಗಕ್ಕೆ ಬದಲಾಗುವ ರೀತಿ.

ಒಂದು ಟೇಪು ತನ್ನಿ. ಹರಡಿನ ಮೇಲಿನ ಸುತ್ತಳತೆ 21 ಸೆಂಟಿಮೀಟರ್, ತೊಡೆಯ ಸುತ್ತಳತೆ 50 ಸೆಂಟಿಮೀಟರ್ ಬಂತೆನ್ನಿ. ಕಾಲನ್ನು ಉರುಳೆ ಎಂದು ಭಾವಿಸಿ ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ಹರಡಿನಲ್ಲಿ ಸುಮಾರು 35 ಚದರ ಸೆಂಟಿಮೀಟರ್, ತೊಡೆಯಲ್ಲಿ ಸುಮಾರು 199. ಅಂದರೆ ತೊಡೆಯಲ್ಲಿ ಸರಾಸರಿ ಪ್ರವಾಹ ಸಾಂದ್ರತೆ ಹರಡಿನಲ್ಲಿರುವುದರ ಆರನೆಯ ಒಂದು ಭಾಗಕ್ಕೂ ಸ್ವಲ್ಪವೇ ಹೆಚ್ಚು. ಮೂಳೆ, ಕೊಬ್ಬುಗಳ ಲೆಕ್ಕ ಬಿಟ್ಟಿದ್ದೇವೆ. ಆದರೂ ಚಿತ್ರ ಸ್ಪಷ್ಟ. ಪಾದದಲ್ಲಿ ಬೆರಳು ಕುಣಿಯಬಹುದು, ಪ್ರವಾಹ ಏರಿಸಿದರೆ ಮೀನಖಂಡವೂ ಅದುರಬಹುದು. ಯಾವ ಸ್ನಾಯು ಬಲಗೊಳ್ಳಬೇಕೋ ಅದು ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತದೆ. ಅದಕ್ಕಾಗಿಯೇ ಫಿಸಿಯೊಥೆರಪಿಸ್ಟರು ತೊಡೆಯ ಸ್ನಾಯುವಿಗೆ ತೊಡೆಯ ಮೇಲೆಯೇ ದೊಡ್ಡ ವಿದ್ಯುದ್ವಾರಗಳನ್ನು ಅಂಟಿಸುತ್ತಾರೆ.

ಯಾರಿಗೆ ನಿಜವಾಗಿ ಉಪಯೋಗ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳುವುದು ನ್ಯಾಯ. ತನ್ನ ಇಚ್ಛೆಯಿಂದ ಸ್ನಾಯುವನ್ನು ಸಾಕಷ್ಟು ಸಂಕುಚಿಸಲಾರದವರಿಗೆ ಈ ವಿಧಾನ ನಿಜವಾದ ನೆರವು. ಮೇಲೆ ಹೇಳಿದ ಶಸ್ತ್ರಚಿಕಿತ್ಸೆಯ ರೋಗಿಗಳನ್ನೇ ನೋಡಿ. ನೋವು, ಬಾವುಗಳಿಂದ ಮೆದುಳೇ ಸ್ನಾಯುವಿಗೆ ಪೂರ್ಣ ಆಜ್ಞೆ ಕೊಡಲು ಹಿಂಜರಿಯುತ್ತದೆ. ಆಗ ಹೊರಗಿನ ಸಂಕೇತ ಆ ಕೊರತೆ ತುಂಬುತ್ತದೆ. ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರಿಗೆ ವ್ಲಾಡಿಮಿರ್ ಲೈಬರ್ಸನ್ ಮತ್ತು ಸಂಗಡಿಗರು 1961ರಲ್ಲಿ ಒಂದು ಸಾಧನವನ್ನು ವರದಿ ಮಾಡಿದರು. ಚಪ್ಪಲಿಯ ಹಿಮ್ಮಡಿಯಲ್ಲೊಂದು ಸ್ವಿಚ್ಚು; ಹಿಮ್ಮಡಿ ನೆಲ ಬಿಟ್ಟೊಡನೆ ಮೊಣಕಾಲ ಬದಿಯ ನರಕ್ಕೆ ಸ್ಪಂದಗಳು ಹೋಗಿ ಪಾದ ಮೇಲೇಳುತ್ತದೆ. ಶ್ವಾಸಕೋಶದ ದೀರ್ಘಕಾಲಿಕ ರೋಗ, ಹೃದಯ ವೈಫಲ್ಯ, ಕ್ಯಾನ್ಸರ್‌ಗಳಿಂದ ಬಳಲಿ ವ್ಯಾಯಾಮ ಮಾಡಲಾಗದವರ ಬಗ್ಗೆ 2016ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ 18 ಅಧ್ಯಯನಗಳ 933 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿತು. ತೊಡೆಯ ಸ್ನಾಯುವಿನ ಬಲ ಹೆಚ್ಚಿದ್ದನ್ನು ಅದು ದಾಖಲಿಸಿತು. ಸಾಕ್ಷ್ಯದ ಗುಣಮಟ್ಟ ಕಡಿಮೆ ಎಂಬುದನ್ನೂ ಮುಚ್ಚಿಡದೆ ಹೇಳಿತು. ಪ್ರಾಮಾಣಿಕ ವಿಜ್ಞಾನ ಹೀಗೆ ಎರಡೂ ಮಾತನ್ನು ಒಟ್ಟಿಗೆ ಹೇಳುತ್ತದೆ.

ಆರೋಗ್ಯವಂತರಿಗೆ? ಸೋವಿಯೆತ್ ವಿಜ್ಞಾನಿ ಯಾಕೋವ್ ಕೋಟ್ಸ್ 1977ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾತನಾಡುತ್ತ, ಕ್ರೀಡಾಪಟುಗಳ ಬಲ ಶೇಕಡಾ 30ರಿಂದ 40ರಷ್ಟು ಹೆಚ್ಚಿತು ಎಂದು ಸಾರಿದ್ದ. ಅವನ ಕ್ರಮ 10 ಸೆಕೆಂಡು ತೀವ್ರ ಸಂಕೋಚನ, 50 ಸೆಕೆಂಡು ವಿಶ್ರಾಂತಿ. ಬೇರೆ ಪ್ರಯೋಗಾಲಯಗಳು ಪ್ರಯತ್ನಿಸಿದಾಗ ಬಲವೇನೋ ಹೆಚ್ಚಿತು. ಆದರೆ ಮಾಮೂಲು ವ್ಯಾಯಾಮಕ್ಕಿಂತ ಅದು ಮೇಲು ಎಂದು ಸಿದ್ಧವಾಗಲಿಲ್ಲ. ಅಲ್ಲಿ ಕೂಡ ಬಳಸಿದ್ದು ತಡೆದುಕೊಳ್ಳುವಷ್ಟು ತೀವ್ರ ಪ್ರವಾಹವನ್ನು, ಹಿತವಾದ ಜುಮುಜುಮುವನ್ನಲ್ಲ.

ನೆರವಾಗದವರೂ ಇದ್ದಾರೆ. ಪೋಲಿಯೊ ರೋಗದಲ್ಲಿ ಬೆನ್ನುಹುರಿಯೊಳಗಿನ ಚಾಲಕ ನರಕೋಶಗಳೇ ಸಾಯುತ್ತವೆ. ನಮ್ಮ ದೇಶ 2014ರಲ್ಲಿ ಪೋಲಿಯೊಮುಕ್ತ ಎಂದು ಪ್ರಮಾಣಿತವಾಯಿತು. ಆದರೆ ಬಾಲ್ಯದಲ್ಲಿ ಆ ರೋಗಕ್ಕೆ ತುತ್ತಾದವರು ಪ್ರತಿ ತಾಲೂಕಿನಲ್ಲಿಯೂ ನಮ್ಮೊಡನೆ ಇದ್ದಾರೆ. ಶಿಬಿರಗಳಿಗೆ ಆಸೆಯಿಂದ ಬರುವವರಲ್ಲಿ ಅವರೂ ಸೇರಿದ್ದಾರೆ. ಇಲ್ಲಿ ಒಂದು ಸೂತ್ರ ಸಹಾಯಕ್ಕೆ ಬರುತ್ತದೆ. ವೈಸ್ 1901ರಲ್ಲಿ, ಲಾಪಿಕ್ 1909ರಲ್ಲಿ ಕಂಡುಕೊಂಡ ಸಂಬಂಧ ಇದು:

ಬೇಕಾದ ಪ್ರವಾಹ = ರಿಯೊಬೇಸ್ × (1 + ಕ್ರೊನಾಕ್ಸಿ ÷ ಸ್ಪಂದದ ಅವಧಿ)

ರಿಯೊಬೇಸ್ ಎಂದರೆ ಸ್ಪಂದ ಎಷ್ಟೇ ದೀರ್ಘವಾಗಿದ್ದರೂ ಬೇಕಾಗುವ ಕನಿಷ್ಠ ಪ್ರವಾಹ. ಕ್ರೊನಾಕ್ಸಿ ಎಂದರೆ ಅದರ ಎರಡರಷ್ಟು ಪ್ರವಾಹ ಕೊಟ್ಟಾಗ ಬೇಕಾಗುವ ಅವಧಿ. ಆರೋಗ್ಯಕರ ನರಕ್ಕೆ ಕ್ರೊನಾಕ್ಸಿ 0.2 ಮಿಲಿಸೆಕೆಂಡು ಎನ್ನಿ. 0.3 ಮಿಲಿಸೆಕೆಂಡಿನ ಸ್ಪಂದಕ್ಕೆ ರಿಯೊಬೇಸಿನ 1.7ರಷ್ಟು ಪ್ರವಾಹ ಸಾಕು. ನರ ಕಳೆದುಕೊಂಡ ಸ್ನಾಯುವಿನ ಕ್ರೊನಾಕ್ಸಿ 10 ಮಿಲಿಸೆಕೆಂಡನ್ನೂ ಮೀರುತ್ತದೆ. 20 ಎಂದು ಹಾಕಿ ನೋಡಿ: ಬೇಕಾಗುವ ಪ್ರವಾಹ ರಿಯೊಬೇಸಿನ ಸುಮಾರು 68ರಷ್ಟು! ಅಂಗಡಿಯ ಯಂತ್ರದ ಚಿಕ್ಕ ಸ್ಪಂದ ಅಂಥ ತಂತುಗಳನ್ನು ಮುಟ್ಟುವುದೇ ಇಲ್ಲ. ಚರ್ಮದ ಸಂವೇದನೆ ಪೋಲಿಯೊದಲ್ಲಿ ಉಳಿದಿರುವುದರಿಂದ ಜುಮ್ಮೆನ್ನುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆಸೆ ಹುಟ್ಟಲು ಅಷ್ಟು ಸಾಕಾಗುತ್ತದೆ.

ಶಿಬಿರದಲ್ಲಿ ಗುಣ ಕಂಡದ್ದು ಸುಳ್ಳೆ?

"ನಮಗೆ ಹಗುರ ಆಗಿದೆಯಲ್ಲ" ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಪ್ರಶ್ನೆ ಇರುವುದು ಕಾರಣ ಯಾವುದು ಎಂಬಲ್ಲಿ. ಅಕ್ಕನ ದಿನಚರಿ ಕೇಳಿ ನೋಡಿದೆ. ಮನೆಯಿಂದ ಶಿಬಿರಕ್ಕೆ ದಿನವೂ ನಡೆದು ಹೋಗಿ ಬರುತ್ತಿದ್ದಳು. ಅದಕ್ಕೂ ಮುಂಚೆ ಅವಳು ಮನೆ ಬಿಟ್ಟು ಹೊರಗೆ ಹೋಗುತ್ತಿದ್ದುದೇ ಅಪರೂಪ. ಹತ್ತಿ ಬಿಡಿಸುವ ಕೆಲಸ ಅದೇ ವಾರ ಮುಗಿದಿತ್ತು. ಮೊಣಕಾಲಿಗೆ ವಿಶ್ರಾಂತಿ ಸಿಕ್ಕಿತ್ತು. ಓರಗೆಯವರೊಡನೆ ಅರ್ಧ ಗಂಟೆ ಮಾತು, ನಗು. ನೋವು ಅತಿಯಾದಾಗಲೇ ನಾವು ಚಿಕಿತ್ಸೆಗೆ ಹೋಗುವುದರಿಂದ, ಏನೂ ಮಾಡದಿದ್ದರೂ ಕೆಲವು ದಿನಗಳಲ್ಲಿ ಅದು ತಗ್ಗುವ ಸಂಭವ ಹೆಚ್ಚು. ಜುಮ್ಮೆನ್ನುವ ಸಂವೇದನೆಗೆ ನೋವನ್ನು ತಾತ್ಕಾಲಿಕವಾಗಿ ಮರೆಸುವ ಗುಣವೂ ಇದೆ. ನೋವಿಗಾಗಿಯೇ ಬೇರೆ ಬಗೆಯ ಯಂತ್ರಗಳಿವೆ. ಇವೆಲ್ಲದರ ಪುಣ್ಯವನ್ನು ತಟ್ಟೆಯೊಂದೇ ಕಟ್ಟಿಕೊಂಡಿತು.

ಇದನ್ನು ಬಿಡಿಸಲು ವಿಜ್ಞಾನ ಕಂಡುಕೊಂಡ ಉಪಾಯ ಹೋಲಿಕೆಯ ಗುಂಪು. ಅರ್ಧ ಜನಕ್ಕೆ ಪ್ರವಾಹ ಹರಿಯುವ ಯಂತ್ರ, ಇನ್ನರ್ಧಕ್ಕೆ ಜುಮ್ಮೆನಿಸುವುದಷ್ಟೇ ಮಾಡುವ ಯಂತ್ರ; ಯಾರಿಗೆ ಯಾವುದು ಎಂಬುದು ಅಳೆಯುವವರಿಗೂ ತಿಳಿಯದಂತೆ. ನಡಿಗೆ, ಮಾತು, ವಿಶ್ರಾಂತಿ ಎರಡೂ ಗುಂಪಿಗೆ ಸಮಾನ. ಕೊನೆಗೆ ಅನಿಸಿಕೆ ಕೇಳುವುದಲ್ಲ, ಬಲ ಅಳೆಯುವುದು. ಅಕ್ಕ ಹೋದ ಶಿಬಿರದಲ್ಲಿ ಹದಿನೈದು ದಿನಗಳಲ್ಲಿ ಒಮ್ಮೆಯೂ ಯಾರ ಕಾಲಿನ ಬಲವನ್ನೂ ಅಳೆಯಲಿಲ್ಲ. ನನ್ನ ಮುಖ್ಯ ಆಕ್ಷೇಪಣೆ ಇದೇ.

ಅಪಾಯ ಎಲ್ಲಿದೆ?

ಮೃದು ಪ್ರಚೋದನೆಯಿಂದ ಹೆಚ್ಚಿನವರಿಗೆ ನೇರ ಹಾನಿಯಿಲ್ಲ. ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು, ಮೂರ್ಛೆರೋಗ ಇರುವವರು, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರಿಗೆ ಜುಮ್ಮೆನ್ನುವುದೇ ತಿಳಿಯುವುದಿಲ್ಲ. ತಿಳಿಯಲಿಲ್ಲವೆಂದು ಗುಂಡಿ ತಿರುಗಿಸುತ್ತ ಹೋದರೆ ಚರ್ಮ ಕೆಂಪಾಗಿ ಗಾಯವಾಗಬಹುದು. ಅಂಥ ಪಾದದ ಗಾಯ ಮಾಯುವುದು ಕಷ್ಟ. ಮನೆಯ 230 ವೋಲ್ಟ್‌ಗೆ ಜೋಡಿಸುವ ಯಂತ್ರದ ಅಡಾಪ್ಟರ್ ಕಳಪೆಯಾಗಿದ್ದರೆ ಅಪಾಯ ಬೇರೆ ಬಗೆಯದು.

ಇನ್ನೂ ದೊಡ್ಡ ಹಾನಿ, ನಿಜವಾದ ಕಾರಣವನ್ನು ಹುಡುಕದೆ ಬಿಡುವುದು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹನೀಯ. ಅದನ್ನು ಮೀರಿದ ನೀರನ್ನು ದೀರ್ಘಕಾಲ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ಡಿ ಜೀವಸತ್ವದ ತೀವ್ರ ಕೊರತೆಯಲ್ಲಿ ತೊಡೆ ಸ್ನಾಯುಗಳೇ ನಿತ್ರಾಣವಾಗುತ್ತವೆ. ಇವಕ್ಕೆ ಬೇಕಾದದ್ದು ನೀರಿನ ಪರೀಕ್ಷೆ, ರಕ್ತದ ಪರೀಕ್ಷೆ. ಯಂತ್ರದ ಮೇಲೆ ಕಾಲಿಟ್ಟು ಕುಳಿತ ಪ್ರತಿ ತಿಂಗಳೂ ಈ ಪರೀಕ್ಷೆಗಳು ಒಂದು ತಿಂಗಳು ಮುಂದೆ ಹೋಗುತ್ತವೆ.

ಕಾನೂನೂ ಮೌನವಾಗಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ 1954ರಷ್ಟು ಹಳೆಯದು. ಅದರ ಪ್ರಕಾರ ದೇಹದ ರಚನೆ ಅಥವಾ ಕ್ರಿಯೆಯ ಮೇಲೆ ಪರಿಣಾಮ ಬೀರಲೆಂದು ಉದ್ದೇಶಿಸಿದ ವಸ್ತುವೂ 'ಔಷಧ'ವೇ. ಮಧುಮೇಹ, ರಕ್ತದೊತ್ತಡ, ಪಾರ್ಶ್ವವಾಯು, ಸಂಧಿವಾತಗಳನ್ನು ಗುಣಪಡಿಸುತ್ತದೆ ಎಂಬ ಜಾಹೀರಾತನ್ನು ಅದು ನಿಷೇಧಿಸುತ್ತದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯಿದೆಯ ವ್ಯಾಪ್ತಿಗೆ ಬಂದಿವೆ. ಅಮೆರಿಕದಲ್ಲಿ 2002ರಲ್ಲಿ ವ್ಯಾಪಾರ ಆಯೋಗ, ಹೊಟ್ಟೆಗೆ ಕಟ್ಟುವ ವಿದ್ಯುತ್ ಪಟ್ಟಿಗಳ ಮೂರು ಬ್ರಾಂಡ್‌ಗಳ ಮಾರಾಟಗಾರರ ಮೇಲೆ ಮೊಕದ್ದಮೆ ಹೂಡಿತ್ತು. ಕುಳಿತಲ್ಲೇ ವ್ಯಾಯಾಮದ ಫಲ ಎಂಬ ಆಮಿಷ ನಮ್ಮ ನಾಡಿನದಷ್ಟೇ ಅಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಕಾಲಿನ ಬಲವನ್ನು ಅಳೆಯಲು ದುಬಾರಿ ಉಪಕರಣ ಬೇಡ. ಗೋಡೆಗೆ ಒತ್ತಿಟ್ಟ, ಕೈಗಳಿಲ್ಲದ ಕುರ್ಚಿ ಮತ್ತು ಒಂದು ಗಡಿಯಾರ ಸಾಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಂದು ಎಣಿಸಿ. ಹಿರಿಯರ ಕಾಲಿನ ಬಲ ತಿಳಿಯಲು ಜಗತ್ತಿನ ಅನೇಕ ಕಡೆ ಬಳಸುವ ಪರೀಕ್ಷೆ ಇದು. ನಿಮ್ಮ ವಿದ್ಯಾರ್ಥಿಗಳು ಮನೆಯ ಅಜ್ಜ ಅಜ್ಜಿಯರ ಎಣಿಕೆ ಬರೆದಿಟ್ಟುಕೊಳ್ಳಲಿ. ಬೀಳದಂತೆ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅದೇ ಎದ್ದು ಕೂರುವುದನ್ನು ವಾರಕ್ಕೆ ಎರಡು ಮೂರು ದಿನ ಅಭ್ಯಾಸ ಮಾಡಿಸಿದರೆ ಪರೀಕ್ಷೆಯೇ ಚಿಕಿತ್ಸೆಯೂ ಆಗುತ್ತದೆ. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ.

ಅಕ್ಕ ಮತ್ತೆ ಮಾತ್ರೆ ಶುರು ಮಾಡಿದ್ದಾಳೆ. ಫಿಸಿಯೊಥೆರಪಿಸ್ಟ್ ಒಬ್ಬರು ಹೇಳಿಕೊಟ್ಟಂತೆ ಎತ್ತರದ ಕುರ್ಚಿಯಿಂದ ಏಳುವ ಅಭ್ಯಾಸ ಮಾಡಿದಳು. ಕುರ್ಚಿಯ ಮೇಲಿನ ದಿಂಬುಗಳನ್ನು ಒಂದೊಂದಾಗಿ ತೆಗೆಯುತ್ತ ಬಂದೆವು. ಮೊದಲ ದಿನ ಅವಳ ಎಣಿಕೆ 6. ಹನ್ನೆರಡು ವಾರಗಳ ನಂತರ 9. ಒಬ್ಬಳ ಲೆಕ್ಕ ಸಾಕ್ಷ್ಯವಲ್ಲ ಎಂದು ಈಗಷ್ಟೇ ನಿಮಗೆ ಪಾಠ ಹೇಳಿದ ನಾನು ಅದನ್ನು ಸಾಕ್ಷ್ಯವೆಂದು ಮುಂದಿಡುವುದಿಲ್ಲ. ಆದರೆ ಇಲ್ಲಿ ಒಂದು ಸಂಖ್ಯೆಯಾದರೂ ಇದೆ. ನಿಮ್ಮ ಊರಿಗೆ ಮುಂದಿನ ಶಿಬಿರ ಬಂದಾಗ ನೀವೂ ಕುರ್ಚಿ, ಗಡಿಯಾರ ತೆಗೆದುಕೊಂಡು ಹೋಗಿ. ಮೊದಲ ದಿನ ಎಣಿಸಿ, ಹದಿನೈದನೆಯ ದಿನ ಎಣಿಸಿ. ಶಿಬಿರಕ್ಕೆ ಹೋಗದೆ ಅಷ್ಟೇ ದೂರ ನಡೆದುಬಂದ ಇನ್ನಷ್ಟು ಜನರದ್ದನ್ನೂ ಎಣಿಸಿ. ಆಮೇಲೆ ಹಣದ ಚೀಲ ಬಿಚ್ಚುವುದೋ ಬೇಡವೋ ಎಂಬುದನ್ನು ಜನರೇ ನಿರ್ಧರಿಸಲಿ.